ಅಕ್ಕ ಜೋಡಿಸಿದ ಕಂಪ್ಯೂಟರ್

ಸುಟ್ಟ ವಯರಿನ ವಾಸನೆ ಮೂಗಿಗೆ ತಾಗಿದರೆ ನನಗೆ ಈಗಲೂ ಸುಳ್ಯದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಂಬತ್ತರ ದಶಕ ಮುಗಿಯುತ್ತಿತ್ತು. ಮಂಗಳೂರಿನಲ್ಲಿ ಡಿಪ್ಲೊಮಾ ಓದಿ ಬಂದಿದ್ದ ಅಕ್ಕ, ಒಂದೊಂದಾಗಿ ತರಿಸಿಕೊಂಡ ಭಾಗಗಳನ್ನು ಊಟದ ಮೇಜಿನ ಮೇಲೆ ಹರಡಿ ಕಂಪ್ಯೂಟರ್ ಜೋಡಿಸುತ್ತಿದ್ದಳು. ಪೇಟೆಯಲ್ಲಿ ಕ್ಲಾಸು ಶುರುಮಾಡುವ ಆಸೆ ಅವಳಿಗೆ.

“ಇದು ನಡೆದ್ರೆ ಕ್ಲಾಸಿಗೆ ರೂಮು ನಾನೇ ಹುಡುಕ್ತೇನೆ. ಇಲ್ಲದಿದ್ರೆ ಕೊಲ್ಲಮೊಗ್ರಿನ ಹುಡುಗನ ಸಂಬಂಧಕ್ಕೆ ಹೂಂ ಹೇಳುದು, ಮತ್ತೆ ಮಾತಿಲ್ಲ” ಎಂದಿದ್ದರು ಅಪ್ಪ.

ಅಕ್ಕ ಕೈ ತೊಳೆಯಲು ಹೋದಾಗ ನಾನು ಕಂಪ್ಯೂಟರಿನ ತಗಡಿನ ಪೆಟ್ಟಿಗೆಯ ಹಿಂದಿದ್ದ ಪುಟ್ಟ ಕೆಂಪು ಗುಂಡಿಯನ್ನು ಉಗುರಿನಿಂದ ಸರಿಸಿದೆ. ನಮ್ಮ ಮನೆಯ ಕರೆಂಟಿಗೆ ಇರಬೇಕಾದ ಇನ್ನೂರ ಮೂವತ್ತು ವೋಲ್ಟಿನ ಅಂಕಿ ಹೋಗಿ ನೂರ ಹದಿನೈದು ಬಂತು. ನನಗೇನು ಗೊತ್ತು? ಹಾಗೇ ಬಿಟ್ಟೆ.

ಎಲ್ಲರೂ ಬಂದು ನಿಂತ ಮೇಲೆ ಅಕ್ಕ ಕಣ್ಣು ಮುಚ್ಚಿ ಸ್ವಿಚ್ಚು ಹಾಕಿದಳು. ಫಟ್ ಎಂದು ಸಿಡಿದು ಪೆಟ್ಟಿಗೆಯ ಸಂದಿಗಳಿಂದ ಹೊಗೆ ಬಂತು.

“ಎಂತ ಆಯ್ತು ಮಾರಾಯ್ತಿ!” ಅಮ್ಮ ಕೂಗಿದರು. ಅಕ್ಕ ಪ್ಲಗ್ಗು ಕೀಳಲು ಓಡಿದಳು. ಆ ಗಡಿಬಿಡಿಯಲ್ಲಿ ನಾನು ಮೇಜಿನ ಹಿಂದೆ ಹೋಗಿ ಗುಂಡಿಯನ್ನು ಮೊದಲಿನಂತೆ ಸರಿಸಿಟ್ಟೆ.

ಅಪ್ಪ ಅಕ್ಕನಿಗೆ ಬೈಯಲಿಲ್ಲ. “ಇರ್ಲಿ ಮಗಾ, ಎಲ್ಲರಿಗೂ ಎಲ್ಲ ಆಗುದಿಲ್ಲ” ಎಂದು ಕೊಲ್ಲಮೊಗ್ರಿಗೆ ಕಾರ್ಡು ಬರೆಯಲು ಕುಳಿತರು.

ಅಕ್ಕ ಸಂಜೆಯವರೆಗೆ ಒಂದೊಂದೇ ವಯರು ಮುಟ್ಟಿ ತನ್ನ ತಪ್ಪನ್ನು ಹುಡುಕಿದಳು. ಸಿಗಲಿಲ್ಲ. ಕೊನೆಗೆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದಳು.

“ನೀನಾದ್ರೂ ಸರಿಯಾಗಿ ಕಲಿ. ನನಗೆ ಬರುದಿಲ್ಲ.”

ನಾನು ಅದನ್ನು ತೆಗೆದುಕೊಂಡೆ.