ಬೂರುಗದ ಮೇಲಿನ ಪತಂಗ

ಗಂಡ ಸ್ನಾನಕ್ಕೆ ಹೋಗಿದ್ದೇ ತಡ, ಟೈಲರಮ್ಮ ಅವನ ಮೊಬೈಲನ್ನು ತಂಗಿಯ ಕೈಗೆ ತುರುಕಿದಳು.

"ಈ ಫೋಟೋದಲ್ಲಿ ಪತಂಗ ಎಲ್ಲಿದೆ ತೋರಿಸು. ನನಗೆ ಬರೀ ಮರ ಕಾಣ್ತಿದೆ."

ಕೆಲವು ತಿಂಗಳಿಂದ ಪ್ರತಿ ಶನಿವಾರವೂ ಅವನು ತನ್ನ ಗಡಿಯಾರ ರಿಪೇರಿ ಅಂಗಡಿ ಮುಚ್ಚಿ, ಪಾರ್ಕಿನಲ್ಲಿ ಪತಂಗಗಳ ಫೋಟೋ ತೆಗೆಯುತ್ತೇನೆಂದು ಹೊರಡುತ್ತಿದ್ದ. ಹುಳ ನೋಡಲು ಇಸ್ತ್ರಿ ಅಂಗಿ ಯಾಕೆ? ನುಣ್ಣಗೆ ಬೋಳಿಸಿದ ಗಡ್ಡ ಯಾಕೆ? ಕೇಳಿದರೆ ಇಂಥದೊಂದು ಫೋಟೋ ಮುಖಕ್ಕೆ ಹಿಡಿಯುತ್ತಿದ್ದ. ಹೊಲಿಗೆ ಮೆಷಿನ್ ತುಳಿಯುತ್ತಲೇ ಟೈಲರಮ್ಮ ಅವನು ಕದ್ದು ನೋಡಲು ಹೋಗುವ ಯಾವಳೋ ಹೆಂಗಸಿಗೆ ಮೂಗು, ಬಾಯಿ, ಜಡೆ ಎಲ್ಲ ಅಂಟಿಸಿ ಮುಗಿಸಿದ್ದಳು.

ನಗರಸಭೆಯ ಉದ್ಯಾನ ವಿಭಾಗದಲ್ಲಿ ಕೆಲಸಕ್ಕಿದ್ದ ತಂಗಿ ಚಿತ್ರವನ್ನು ಹಿಗ್ಗಿಸಿದಳು. "ಇಲ್ಲೇ ಇದೆಯಲ್ಲ ಅಕ್ಕ. ಮುಳ್ಳುಗಳ ಮಧ್ಯೆ ರೆಕ್ಕೆ ಹರಡಿ ಕೂತಿದೆ. ತೊಗಟೆಯದೇ ಬಣ್ಣ."

ಇತ್ತು. ಟೈಲರಮ್ಮನ ಎದೆ ಹಗುರಾಯಿತು. "ಸದ್ಯ. ಪಾರ್ಕಿಗೇ ಹೋಗ್ತಾರೆ ಅನ್ನು."

ತಂಗಿ ಚಿತ್ರವನ್ನು ಪತಂಗದಿಂದ ಮರದ ಕಾಂಡದತ್ತ ಸರಿಸಿದಳು.

"ಪತಂಗ ನೋಡಿ ಏನೂ ಹೇಳೋಕಾಗಲ್ಲ. ಈ ಜಾತಿ ಯಾವ ಮರದ ಮೇಲಾದ್ರೂ ಕೂರುತ್ತೆ, ಎಲ್ಲ ಕಡೆ ಸಿಗುತ್ತೆ. ಮರ ಹಾಗಲ್ವಲ್ಲ. ಕಾಂಡದ ತುಂಬ ಮುಳ್ಳು, ಇದು ಬೂರುಗ. ಪಾರ್ಕಲ್ಲಿ ಒಂದೂ ಇಲ್ಲ. ರಸ್ತೆ ಅಗಲ ಮಾಡುವಾಗ ಇದ್ದವನ್ನೆಲ್ಲ ನಾವೇ ಕಡಿಸಿದ್ವಿ. ಊರಲ್ಲಿ ಉಳಿದಿರೋದು ಒಂದೇ."

"ಎಲ್ಲಿ? ಯಾವಳ ಮನೆ ಮುಂದೆ?"

"ಮನೆ ಅಲ್ಲ ಅಕ್ಕ." ತಂಗಿ ದನಿ ತಗ್ಗಿಸಿದಳು. "ಜೈಲಿನ ಗೇಟಿನ ಹತ್ತಿರ. ಒಳಗಿರೋರನ್ನ ನೋಡೋಕೆ ಬಂದವರು ಕಾಯೋ ಜಾಗದಲ್ಲಿ."

ಟೈಲರಮ್ಮ ಮೊಬೈಲನ್ನು ಇದ್ದ ಜಾಗದಲ್ಲೇ ಇಟ್ಟು ಬಂದಳು. ಮಗನಿಗೆ ಶಿಕ್ಷೆಯಾದ ದಿನ, ಇನ್ನು ಈ ಮನೆಯಲ್ಲಿ ಯಾರೂ ಅವನ ಹೆಸರೆತ್ತಕೂಡದು, ಅವನ ಮುಖ ನೋಡಿದವರು ತನ್ನ ಮುಖ ನೋಡಬೇಕಿಲ್ಲ ಎಂದು ಕಟ್ಟಪ್ಪಣೆ ಮಾಡಿದವಳು ಅವಳೇ. ಗಂಡ ಅಂದು ಹೂಂ ಎಂದು ತಲೆಯಾಡಿಸಿದ್ದ.

ಮುಂದಿನ ಶನಿವಾರ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದಾಗ, ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಭಾರದ ಚೀಲ.

"ನೀನೆಲ್ಲಿಗೆ ಹೊರಟೆ?" ಅವನು ಗಾಬರಿಯಾದ.

ಅವಳು ಅವನ ಮುಖ ನೋಡಲಿಲ್ಲ.

"ಒಳಗೆ ಮನೆ ಊಟ ಬಿಡ್ತಾರಾ?" ಎಂದಳು.