ಮಾಸ್ಟರ್ ಗೆಲ್ಲಲೇಬೇಕು

ಕೋಟಿನ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಹೊಲಿಗೆ ಅಂಗಡಿಯ ಒಡತಿ ಅದನ್ನು ಬೆಳಕಿಗೆ ಹಿಡಿದು ಹಲ್ಲು ಕಚ್ಚಿದಳು. ಕಟಿಂಗ್ ಮಾಸ್ಟರ್ ನಿನ್ನೆ ಮತ್ತೆ ಸೋತಿದ್ದಾರೆ.

ಗುಟ್ಟು ಸಿಕ್ಕಿದ್ದು ಆಕಸ್ಮಿಕವಾಗಿ. ಬಣ್ಣದ ಗುಂಡು ಒಡೆಯುವ ಆಟವೊಂದನ್ನು ಮೊಬೈಲಿಗೆ ಹಾಕಿಕೊಂಡಾಗ, ಆಟಗಾರರ ಫೋಟೋಗಳ ಸಾಲಿನಲ್ಲಿ ಮಾಸ್ಟರರ ಮೀಸೆ ನಗುತ್ತಿತ್ತು. ಗೆಲುವು ಸೋಲಿನ ಲೆಕ್ಕವೂ ಅಲ್ಲೇ. ಸಂಜೆ ಆ ಮೀಸೆ ಗೆದ್ದರೆ ಮರುದಿನ ಮಾಸ್ಟರ್ ಸಿಳ್ಳೆ ಹಾಕುತ್ತ ಬರುತ್ತಾರೆ. ಕತ್ತರಿ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗುತ್ತದೆ. ಸೋತರೆ ಕೆಂಪು ಕಣ್ಣು, ಆಕಳಿಕೆ, ಬಟ್ಟೆ ಹಾಳು. ಅಂಗಡಿಯಲ್ಲಿ ಮಾತ್ರ ಮೊಬೈಲ್ ಮುಟ್ಟುವುದಿಲ್ಲ. ಕರೆ ಬಂದರೂ ಎಲ್ಲಿ ಒತ್ತಬೇಕೆಂದು ತಡಕಾಡುತ್ತಾರೆ.

ಎಂಥ ನಾಟಕ, ಎಂದುಕೊಂಡಳು ಒಡತಿ.

ಹೋಟೆಲಿನ ಸಿಬ್ಬಂದಿಯ ಕೋಟುಗಳನ್ನು ವಾರದೊಳಗೆ ಕೊಡಬೇಕಿತ್ತು. ತಪ್ಪಿದರೆ ಆ ಗಿರಾಕಿ ಎದುರಿನ ಅಂಗಡಿಯ ಪಾಲು. ಬೇರೆ ದಾರಿ ಕಾಣದೆ ಅವಳು ಸುಳ್ಳು ಹೆಸರಿಟ್ಟುಕೊಂಡು ಆ ಮೀಸೆಯ ಎದುರು ಆಟಕ್ಕಿಳಿದಳು, ಸೋಲಲೆಂದೇ.

ದಿನಾ ಸಂಜೆ ಸೋತಳು. ಕೋಟುಗಳು ಅಚ್ಚಿಗೆ ಹಾಕಿ ತೆಗೆದಂತೆ ಬಂದವು. ಅವಳ ಹೊಟ್ಟೆ ಮಾತ್ರ ಉರಿಯತೊಡಗಿತು. ಗೆದ್ದಾಗಲೆಲ್ಲ ಆ ಕಡೆಯಿಂದ ನಾಲಿಗೆ ಚಾಚಿದ ಚಿತ್ರ ಬರುತ್ತಿತ್ತು. ಬೇಕೆಂದೇ ಸೋತರೂ ಇಷ್ಟು ಸಂಕಟವೇ? ಗಂಡ "ಉಪ್ಪು ಸ್ವಲ್ಪ ಕಮ್ಮಿಯೇನೋ" ಎಂದದ್ದಕ್ಕೆ, "ನೀವೂ ಅಣಕಿಸಿ!" ಎಂದು ರೇಗಿ ತಟ್ಟೆ ಎತ್ತಿಕೊಂಡು ಹೋದಳು.

ಒಂದು ಸಂಜೆ ತಡೆಯಲಾಗಲಿಲ್ಲ. ಒಂದಾದ ಮೇಲೊಂದು ಮೂರು ಆಟ ಗೆದ್ದಳು, ತಾನೂ ನಾಲಿಗೆ ಚಾಚಿದಳು, ಅಡುಗೆಮನೆಯಲ್ಲಿ ಗುನುಗಿದಳು. ಗಂಡ ಬಾಗಿಲಿಂದ ಇಣುಕಿ, ಮೆಲ್ಲಗೆ ಹಿಂದೆ ಸರಿದ.

ಮರುದಿನ ಮಾಸ್ಟರ್ ತೂರಾಡುತ್ತ ಬಂದರು. ಕೊನೆಯ ಕೋಟಿನ ಕಾಲರನ್ನು ಹಿಂದುಮುಂದಾಗಿ ಕತ್ತರಿಸಿ, ಅದನ್ನೇ ಬೆಪ್ಪಾಗಿ ನೋಡುತ್ತ ನಿಂತರು. ಪುಣ್ಯಕ್ಕೆ ಒಂದು ತುಂಡು ಬಟ್ಟೆ ಉಳಿದಿತ್ತು.

ಒಡತಿ ಆ ತುಂಡನ್ನು ತಂದು ಅವರ ಮುಂದಿಟ್ಟಳು. "ಬಿಡಿ ಮಾಸ್ಟ್ರೇ, ತಪ್ಪು ನಂದೇ. ನಿನ್ನೆ ಆಟದಲ್ಲಿ ನಿಮ್ಮನ್ನ ಸೋಲಿಸಿದ್ದು ನಾನು."

"ನನ್ನನ್ನಾ?" ಮಾಸ್ಟರ್ ಕತ್ತರಿ ಕೆಳಗಿಟ್ಟರು. "ಅಯ್ಯೋ ಅಮ್ಮಾವ್ರೇ, ಮೊಬೈಲ್ ನಂದು, ಆಡೋರು ನಮ್ಮ ಮಾವ; ಸೋತ ದಿನ ನನ್ನನ್ನ ಎದುರಿಗೆ ಕೂರಿಸ್ಕೊಂಡು, ತಾವ್ಯಾಕೆ ಸೋತ್ರು ಅಂತ ಬೆಳಗಿನವರೆಗೂ ವಿವರಿಸ್ತಾರೆ!"