ಮಧ್ಯಾಹ್ನದ ರಮ್ಮಿ

ಇಂಟರ್ನೆಟ್ಟಿಗೆ ತಿಂಗಳಿಗೆ ಏಳುನೂರು, ಮನೆ ಬಾಡಿಗೆಗೆ ಹದಿನಾಲ್ಕು ಸಾವಿರ. ಬರುವ ತಿಂಗಳಿಂದ ಬಾಡಿಗೆ ಇನ್ನೊಂದು ಸಾವಿರ ಏರುತ್ತದೆಂದು ಮಹಡಿಯ ಮೇಲಿನ ಮಾಲೀಕರು ಆಗಲೇ ಹೇಳಿದ್ದರು. ಇಂಥ ಹೊತ್ತಿನಲ್ಲಿ ನೆಟ್ ರಿಪೇರಿಯವನು ರೌಟರ್ ನೋಡಿ, "ನಿಮ್ಮ ನೆಟ್ಟಲ್ಲಿ ದಿನಾ ಮಧ್ಯಾಹ್ನ ಯಾರೋ ದುಡ್ಡು ಕಟ್ಟಿ ರಮ್ಮಿ ಆಡ್ತಾರಕ್ಕ" ಎಂದಾಗ ಪಂಕಜ ಗಂಡನ ಕಡೆ ತಿರುಗಿದಳು. ಮಧ್ಯಾಹ್ನ ಮನೆಯಲ್ಲಿರುವವನು ರಾತ್ರಿ ಪಾಳಿಗೆ ಹೋಗುವ ಅವನೊಬ್ಬನೇ.

"ದೇವರಾಣೆ, ಆ ಹೊತ್ತಲ್ಲಿ ನಾನು ಗೊರಕೆ ಹೊಡೀತಿರ್ತೀನಿ ಕಣೇ."

"ಗೊರಕೆನೋ ಇಸ್ಪೀಟೋ, ನಾಳೆ ಗೊತ್ತಾಗುತ್ತೆ ಬಿಡಿ."

ರಿಪೇರಿಯವನು ರೌಟರಿನಲ್ಲಿ ಡಿಎನ್‌ಎಸ್ ಅನ್ನುವ ಎರಡು ನಂಬರು ಬದಲಾಯಿಸಿದ. ಇನ್ನು ಈ ನೆಟ್ಟು ಹಿಡಿದ ಯಾವ ಫೋನಿನಲ್ಲೂ ಜೂಜಿನ ಆಟ ತೆರೆಯದು ಎಂದ.

ಮರುದಿನ ಅವಳು ಕೆಲಸಕ್ಕೆ ರಜೆ ಹಾಕಿ, ಗಂಡನ ಮಂಚದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕಾವಲು ಕೂತಳು. ಅವನು ನಿಜಕ್ಕೂ ಗೊರಕೆ ಹೊಡೆಯುತ್ತಿದ್ದ. ಮೂರು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಮಾಲೀಕರು. ಬಾಡಿಗೆಯ ಮಾತೇ ಇರಬೇಕೆಂದು ಅವಳು ಎದೆ ಗಟ್ಟಿಮಾಡಿಕೊಂಡಳು.

ಮಾಲೀಕರು ಮೆಟ್ಟಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಫೋನು ಮುಂದೆ ಹಿಡಿದರು.

"ಕರೆಂಟ್ ಬಿಲ್ ಕಟ್ಟೋಕೆ ಅಂತ ನಿಮ್ಮ ನೆಟ್ಟಿನ ಪಾಸ್‌ವರ್ಡ್ ಕೊಟ್ಟಿದ್ದೆಯಲ್ಲಮ್ಮ? ನಿನ್ನೆಯಿಂದ ಯಾಕೋ ರಮ್ಮಿ ಓಪನ್ನೇ ಆಗ್ತಿಲ್ಲ."

"ಹೌದಾ ಅಂಕಲ್? ತಡೀರಿ, ಮೇಲಿಂದ ಆಂಟಿನ ಕೂಗ್ತೀನಿ. ಅವರಿಗೇನಾದ್ರೂ ಗೊತ್ತಿರಬಹುದು."

ಆ ವರ್ಷ ಬಾಡಿಗೆ ಏರಲಿಲ್ಲ.